ಗೆರೆ ಕೈಯದು, ದುಡಿಮೆ ಯಂತ್ರದ್ದು

ಕೈಯಿಂದ ಬಿಡಿಸಿದಂತೆ ಕಾಣುವ ಕಂಪ್ಯೂಟರ್ ಅನಿಮೇಷನ್ ಎಂದರೆ, ಚಿತ್ರಕಾರರ ಗೆರೆಯನ್ನೂ ಕುಂಚದ ಜಾಡನ್ನೂ ತೆರೆಯ ಮೇಲೆ ಹಾಗೆಯೇ ಉಳಿಸಿಕೊಂಡು, ಆ ಚಿತ್ರಗಳಿಗೆ ಚಲನೆ ಕೊಡುವ ದುಡಿಮೆಯಲ್ಲಿ ಒಂದು ಪಾಲನ್ನು ಯಂತ್ರಕ್ಕೆ ಒಪ್ಪಿಸುವ ವಿಧಾನ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೂ ಕಣ್ಣು ಅದನ್ನು ಚಲನೆ ಎಂದೇ ಒಪ್ಪಿಕೊಳ್ಳುತ್ತದೆ. ಆಗ ಸೆಕೆಂಡಿಗೆ 12 ಚಿತ್ರ ಸಾಕು. ಈ ಕಸುಬಿನವರು ಇದನ್ನು ‘ಆನ್ ಟೂಸ್’ ಎನ್ನುತ್ತಾರೆ. ಈ ಉಳಿತಾಯದ ಲೆಕ್ಕದಲ್ಲೂ ಒಂದು ನಿಮಿಷಕ್ಕೆ 720, ಹತ್ತು ನಿಮಿಷದ ಕಿರುಚಿತ್ರಕ್ಕೆ 7,200 ಚಿತ್ರಗಳಾಗುತ್ತವೆ. ಅದೂ ತೆರೆಯ ಮೇಲೆ ಒಂದೇ ಪಾತ್ರವಿದ್ದರೆ. ಕಂಪ್ಯೂಟರ್ ಈ ಕೆಲಸಕ್ಕೆ ಕಾಲಿಟ್ಟದ್ದು ಈ ಎಣಿಕೆಯ ಭಾರ ಇಳಿಸಲು.

ಕಾಗದದ ಕಾಲದಲ್ಲಿ ಭಾರವನ್ನು ಜನ ಹಂಚಿಕೊಳ್ಳುತ್ತಿದ್ದರು. ಹಿರಿಯ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಬಿಡಿಸುತ್ತಿದ್ದರು. ಇವು ಕೀ ಚಿತ್ರಗಳು. ಎರಡು ಭಂಗಿಗಳ ನಡುವೆ ಬರಬೇಕಾದ ಚಿತ್ರಗಳನ್ನು, ಅಂದರೆ ಇನ್‌ಬಿಟ್ವೀನ್‌ಗಳನ್ನು, ಕಿರಿಯರು ತುಂಬುತ್ತಿದ್ದರು. ಮತ್ತೊಬ್ಬರು ಒರಟು ಪೆನ್ಸಿಲ್ ಗೆರೆಗಳನ್ನು ತಿದ್ದಿ ಚೊಕ್ಕ ಮಾಡುತ್ತಿದ್ದರು. ಆ ಗೆರೆಗಳನ್ನು ‘ಸೆಲ್’ ಎಂಬ ಪಾರದರ್ಶಕ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಾಳೆಯ ಹಿಂಬದಿಗೆ ಬಣ್ಣ ತುಂಬಿ, ಹಿನ್ನೆಲೆ ಚಿತ್ರದ ಮೇಲಿಟ್ಟು ಒಂದೊಂದೇ ಫ್ರೇಮು ಕ್ಯಾಮೆರಾದಲ್ಲಿ ಹಿಡಿಯಲಾಗುತ್ತಿತ್ತು. ಭಾರತದಲ್ಲಿ ಈ ಶಿಸ್ತು ನೆಲೆಯೂರಿದ್ದು ಮುಂಬೈಯ ಫಿಲ್ಮ್ಸ್ ಡಿವಿಷನ್‌ನಲ್ಲಿ. 1956ರಲ್ಲಿ ಡಿಸ್ನಿ ಸ್ಟುಡಿಯೊದ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ತರಬೇತಿ ಕೊಟ್ಟರು. ಜಾತಕ ಕಥೆಯನ್ನು ಆಧರಿಸಿದ ‘ದ ಬನಿಯನ್ ಡಿಯರ್’ ಆ ತರಬೇತಿಯ ಫಲ. ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರೆನಿಸಿದ ರಾಮ್ ಮೋಹನ್ ಪಳಗಿದ್ದೂ ಅಲ್ಲಿಯೇ.

ಗೆರೆಯ ಜೀವ ಉಳಿಸಲು ಯಂತ್ರ ಮೊದಲು ನೆರವಾದದ್ದು ಕಂಪ್ಯೂಟರಿನ ರೂಪದಲ್ಲಲ್ಲ, ಜೆರಾಕ್ಸಿನ ರೂಪದಲ್ಲಿ. ಡಿಸ್ನಿಯ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷನ್ಸ್’ (1961) ಚಿತ್ರದಲ್ಲಿ ಪೆನ್ಸಿಲ್ ಗೆರೆಗಳನ್ನು ಶಾಯಿಯಲ್ಲಿ ಮತ್ತೆ ಬರೆಯುವ ಬದಲು ನೇರವಾಗಿ ಸೆಲ್ ಮೇಲೆ ನಕಲು ಇಳಿಸಿದರು. ನಾಯಿಗಳ ಮೈಮೇಲಿನ ಅಷ್ಟೂ ಚುಕ್ಕೆಗಳನ್ನು ಕೈಯಿಂದ ನಕಲು ಮಾಡುವ ಕೆಲಸ ತಪ್ಪಿತು. ಅದರ ಜತೆಗೆ, ಶಾಯಿಯ ನಯದಲ್ಲಿ ಮಾಯವಾಗುತ್ತಿದ್ದ ಪೆನ್ಸಿಲಿನ ಒರಟುತನ ತೆರೆಗೆ ಬಂತು. ಖರ್ಚು ಇಳಿಸಲು ತಂದ ಯಂತ್ರ ಕೈಗೆರೆಯನ್ನೂ ಉಳಿಸಿಕೊಟ್ಟಿತು.

ಇನ್‌ಬಿಟ್ವೀನ್ ಕೆಲಸವನ್ನೇ ಕಂಪ್ಯೂಟರಿಗೆ ವಹಿಸುವ ಪ್ರಯೋಗಕ್ಕೆ ಹೆಸರಾದದ್ದು ಕೆನಡಾದ ‘ಲಾ ಫೆಂ’ (1974). ಪೀಟರ್ ಫೋಲ್ಡೆಸ್ ಭಂಗಿಗಳನ್ನು ಬಿಡಿಸಿದರು. ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ರೂಪಿಸಿದ ಪ್ರೋಗ್ರಾಮು ನಡುವಿನ ಗೆರೆಗಳನ್ನು ಲೆಕ್ಕ ಹಾಕಿ ತುಂಬಿತು. ಡಿಸ್ನಿ ಮತ್ತು ಪಿಕ್ಸಾರ್ ಸೇರಿ ಕಟ್ಟಿದ ‘ಕ್ಯಾಪ್ಸ್’ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಚಿತ್ರವನ್ನು ಕಾಗದದ ಮೇಲೆಯೇ ಬಿಡಿಸಬೇಕಿತ್ತು. ಸ್ಕ್ಯಾನ್ ಮಾಡಿದ ಮೇಲೆ ಬಣ್ಣ ತುಂಬುವುದು, ಪದರ ಜೋಡಿಸುವುದು, ಕ್ಯಾಮೆರಾ ಚಲನೆ ಎಲ್ಲವೂ ಕಂಪ್ಯೂಟರಿನಲ್ಲಿ. ‘ದ ರೆಸ್ಕ್ಯೂಅರ್ಸ್ ಡೌನ್ ಅಂಡರ್’ (1990) ಹೀಗೆ ಪೂರ್ತಿಯಾಗಿ ತಯಾರಾದ ಮೊದಲ ದೊಡ್ಡ ಚಿತ್ರ. ಜಪಾನಿನ ಘಿಬ್ಲಿ ಸ್ಟುಡಿಯೊ ‘ಪ್ರಿನ್ಸೆಸ್ ಮೊನೊನೊಕೆ’ (1997) ಚಿತ್ರದ ಕೆಲವು ಭಾಗಗಳಿಗೆ ಇಟಲಿಯ ‘ಟೂನ್ಸ್’ ತಂತ್ರಾಂಶ ಬಳಸಿತು. ಅಲ್ಲಿಂದಾಚೆಗೆ ಸೆಲ್ ಹಾಳೆಗಳು ಒಂದೊಂದೇ ಸ್ಟುಡಿಯೊದಿಂದ ಮಾಯವಾದವು. ಗೆರೆ ಮಾತ್ರ ಕೈಯಲ್ಲೇ ಉಳಿಯಿತು.

ಇಂದು ಬಳಕೆಯಲ್ಲಿರುವ ವಿಧಾನಗಳು ನಾಲ್ಕು. ಅವುಗಳ ಗುಣದೋಷ ತಿಳಿಯಲು ಒಂದೇ ದೃಶ್ಯವನ್ನು ಮುಂದಿಟ್ಟುಕೊಳ್ಳುವುದು ಅನುಕೂಲ. ಗದಗ ಜಿಲ್ಲೆಯ ಗಜೇಂದ್ರಗಡದ ಹೊರವಲಯದಲ್ಲಿ ಸಂಜೆ ಹೊಲದಿಂದ ಮರಳುವ ಒಂದು ಚಕ್ಕಡಿ. ಹಿಂದೆ ಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ದಾರಿಯ ಪಕ್ಕ ಎರೆಹೊಲದ ಬಿಳಿಜೋಳ. ಚಕ್ಕಡಿಗೆ ಎರಡು ಎತ್ತು, ಮೂಕಿಯ ಬಳಿ ಕೂತ ರೈತ.

ಮೊದಲನೆಯ ವಿಧಾನದಲ್ಲಿ ಬದಲಾಗುವುದು ಕಾಗದ ಮಾತ್ರ. ಪೆನ್ ಟ್ಯಾಬ್ಲೆಟ್ ಮೇಲೆ ಒಂದೊಂದೇ ಚಿತ್ರ ಬಿಡಿಸಬೇಕು. ಪೆನ್ನಿನ ತುದಿ ಒತ್ತಡವನ್ನು ಗುರುತಿಸುವುದರಿಂದ ಒತ್ತಿದರೆ ಗೆರೆ ದಪ್ಪ, ಹಗುರವಾಗಿ ಹಿಡಿದರೆ ತೆಳು. ಹಿಂದಿನ ಮತ್ತು ಮುಂದಿನ ಚಿತ್ರಗಳು ಮಸುಕಾಗಿ ಕೆಳಗೆ ಕಾಣುತ್ತವೆ. ಹಿಂದೆ ದೀಪದ ಮೇಜಿನ ಮೇಲೆ ತೆಳು ಕಾಗದಗಳನ್ನು ಒಂದರ ಮೇಲೊಂದಿಟ್ಟು ಮಾಡುತ್ತಿದ್ದ ಕೆಲಸವೇ ಇದು. ಹೆಸರು ‘ಆನಿಯನ್ ಸ್ಕಿನ್’. ರೋಣ, ನರೇಗಲ್ ಕಡೆಯ ಉಳ್ಳಾಗಡ್ಡಿ ಬೆಳೆಗಾರರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ: ಸಿಪ್ಪೆಯ ಮೂಲಕ ಕೆಳಗಿನ ಪದರ ಕಂಡಂತೆ ಹಳೆಯ ಚಿತ್ರ ಕಾಣುತ್ತದೆ.

ಮೇಲಿನ ದೃಶ್ಯದ ಎತ್ತುಗಳಿಗೆ ಈ ವಿಧಾನವೇ ಸರಿ. ಎತ್ತು ನಿಧಾನವಾಗಿ ನಡೆಯುವಾಗ ಎಡದ ಹಿಂಗಾಲು, ಎಡದ ಮುಂಗಾಲು, ಬಲದ ಹಿಂಗಾಲು, ಬಲದ ಮುಂಗಾಲು ಎಂಬ ಕ್ರಮದಲ್ಲಿ ಹೆಜ್ಜೆ ಇಡುತ್ತದೆ. ಹೊಸಬರು ಈ ಕ್ರಮ ತಪ್ಪಿಸುತ್ತಾರೆ. ಆಗ ಗೆರೆ ಎಷ್ಟು ಚೆಂದವಿದ್ದರೂ ಎತ್ತು ಜಾರುತ್ತಿರುವಂತೆ ಕಾಣುತ್ತದೆ. ಹೆಜ್ಜೆ ಊರಿದಾಗ ಭುಜ ಏರುವುದು, ಇಣಿ ವಾಲುವುದು, ಕೊರಳ ಗಂಟೆ ಒಂದು ಕ್ಷಣ ತಡವಾಗಿ ತೂಗುವುದು, ಇವೆಲ್ಲ ಚಿತ್ರಕಾರರ ಕಣ್ಣಿಗೆ ಬಿದ್ದಿದ್ದರೆ ಮಾತ್ರ ತೆರೆಗೆ ಬರುತ್ತವೆ. ಎರಡನೆಯ ಎತ್ತನ್ನು ಮೊದಲನೆಯದರ ನಕಲಾಗಿ ಅಂಟಿಸುವುದು ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ. ಆದರೆ ಎರಡೂ ಒಂದೇ ತಾಳದಲ್ಲಿ ಕಾಲೆತ್ತಿದರೆ ನೋಡುಗರಿಗೆ ಮೋಸ ತಕ್ಷಣ ಗೊತ್ತಾಗುತ್ತದೆ. ಕೆಲವು ಫ್ರೇಮು ಹಿಂದುಮುಂದು ಮಾಡಿ, ತಲೆಯನ್ನಾದರೂ ಬೇರೆ ಬಿಡಿಸಬೇಕು. ಗೀತಾಂಜಲಿ ರಾವ್ ಅವರ ‘ಬಾಂಬೆ ರೋಸ್’ (2019) ಇಂಥ ಫ್ರೇಮು-ಫ್ರೇಮಿನ ದುಡಿಮೆಯ ಭಾರತೀಯ ಉದಾಹರಣೆ. ಕಂಪ್ಯೂಟರಿನಲ್ಲಿಯೇ ಬಣ್ಣ ಬಳಿದರೂ ಆ ಚಿತ್ರದಲ್ಲಿ ಕುಂಚದ ಜಾಡು ಎಲ್ಲಿಯೂ ಅಳಿದಿಲ್ಲ.

ಎರಡನೆಯದು ಕಟ್-ಔಟ್ ವಿಧಾನ. ಪಾತ್ರದ ತಲೆ, ಮುಂಡ, ತೋಳು, ಅಂಗೈ, ಕಾಲುಗಳನ್ನು ಬೇರೆ ಬೇರೆ ಬಿಡಿಸಿ, ಕೀಲುಗಳಲ್ಲಿ ಜೋಡಿಸಿ, ತಿರುಗಿಸಿ ಆಡಿಸುವುದು. ಜೋಡಣೆಗೆ ‘ರಿಗ್’ ಎನ್ನುತ್ತಾರೆ. ಒಮ್ಮೆ ರಿಗ್ ಸಿದ್ಧವಾದರೆ ಅದೇ ರೈತನನ್ನು ಹತ್ತು ದೃಶ್ಯಗಳಲ್ಲಿ ಬಳಸಬಹುದು. ಟಿವಿ ಧಾರಾವಾಹಿಗಳೂ ಮಕ್ಕಳ ಹಾಡಿನ ವಿಡಿಯೊಗಳೂ ಹೆಚ್ಚಾಗಿ ಹೀಗೆ ತಯಾರಾಗುತ್ತವೆ.

ಈ ವಿಧಾನದ ಅಜ್ಜಿಯಂತಿರುವುದು ತೊಗಲುಗೊಂಬೆ. ಹದ ಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಕೊರೆದು, ಬಣ್ಣ ಹಚ್ಚಿ, ದೀಪದ ಮುಂದಿನ ಪರದೆಗೆ ಒತ್ತಿ ಆಡಿಸುವ ಕಲೆ ಗದಗ, ಕೊಪ್ಪಳ, ಬಳ್ಳಾರಿ ಸೀಮೆಯ ಶಿಳ್ಳೇಕ್ಯಾತ ಮನೆತನಗಳಲ್ಲಿ ಉಳಿದು ಬಂದಿದೆ. ಗಜೇಂದ್ರಗಡದ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಹಳೆಯ ಗೊಂಬೆಗಳನ್ನು ನೋಡಬಹುದು. ಆಂಧ್ರದ ದೊಡ್ಡ ಗೊಂಬೆಗಳಿಗೆ ಸೊಂಟ, ಭುಜ, ಮೊಣಕೈ, ಮೊಣಕಾಲುಗಳಲ್ಲಿ ಕೀಲುಗಳಿರುತ್ತವೆ. ಕರ್ನಾಟಕದ ಗೊಂಬೆಗಳು ಬಹುಮಟ್ಟಿಗೆ ಚಿಕ್ಕವು. ರಾಜನಿಗೆ, ದೇವರಿಗೆ ದೊಡ್ಡ ಆಕಾರ, ಆಳುಕಾಳಿಗೆ ಸಣ್ಣದು ಎಂಬಂತೆ ಇಲ್ಲಿ ಅಂತಸ್ತೇ ಅಳತೆ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ‘ಪ್ರಿನ್ಸ್ ಅಹ್ಮದನ ಸಾಹಸಗಳು’ (1926) ಎಂಬ ಪೂರ್ಣಾವಧಿಯ ಚಿತ್ರ ಮಾಡಿದ್ದೂ ಇದೇ ನೆರಳಿನಾಟದ ತತ್ತ್ವದ ಮೇಲೆ.

ತೊಗಲುಗೊಂಬೆಗೂ ಕಂಪ್ಯೂಟರ್ ರಿಗ್ಗಿಗೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಗೊಂಬೆಯ ಕೋಲು ಜೀವಂತ ಕೈಯಲ್ಲಿರುತ್ತದೆ. ತೋಳು ಎತ್ತುವಾಗ ಒಂದು ಜರ್ಕು, ನಿಲ್ಲಿಸುವಾಗ ಸಣ್ಣ ನಡುಕ, ಮಾತಿನ ಒತ್ತಿಗೆ ತಕ್ಕ ಕುಲುಕು ತಾನಾಗಿ ಸೇರಿಕೊಳ್ಳುತ್ತವೆ. ಕಂಪ್ಯೂಟರಿಗೆ ತೋಳಿನ ಮೊದಲ ಮತ್ತು ಕೊನೆಯ ಸ್ಥಾನ ಹೇಳಿದರೆ ನಡುವಿನದನ್ನು ಎಣ್ಣೆ ಸವರಿದಷ್ಟು ನುಣುಪಾಗಿ ತುಂಬುತ್ತದೆ. ಕಟ್-ಔಟ್ ಚಿತ್ರಗಳು ಎಷ್ಟೋ ಸಲ ನೀರಿನಲ್ಲಿ ತೇಲಿದಂತೆ ಕಾಣುವುದು ಈ ಅತಿ ನುಣುಪಿನಿಂದ. ಅನುಭವಿಗಳು ನಡುವಿನ ಲೆಕ್ಕವನ್ನು ಬಂದ್ ಮಾಡಿ ಭಂಗಿಯಿಂದ ಭಂಗಿಗೆ ನೇರವಾಗಿ ಜಿಗಿಸುತ್ತಾರೆ, ಅಂಗೈ ಮತ್ತು ಮುಖಕ್ಕೆ ಬದಲಿ ಚಿತ್ರಗಳನ್ನು ಕೈಯಿಂದಲೇ ಬಿಡಿಸಿಡುತ್ತಾರೆ.

ಮೂರನೆಯದು ಗೆರೆಯನ್ನೇ ಗಣಿತವಾಗಿ ಹಿಡಿಯುವ ವೆಕ್ಟರ್ ವಿಧಾನ. ಇಲ್ಲಿ ಗೆರೆ ಎಂದರೆ ಕೆಲವು ಬಿಂದುಗಳು ಮತ್ತು ಅವುಗಳ ನಡುವಿನ ಬಾಗು. ಮೊದಲ ಚಿತ್ರದ ಬಿಂದುಗಳು ಕೊನೆಯ ಚಿತ್ರದ ಬಿಂದುಗಳತ್ತ ಸರಿಯುತ್ತವೆ; ‘ಲಾ ಫೆಂ’ ತೋರಿಸಿದ ದಾರಿಯೇ ಇದು. ಗಾಳಿಗೆ ತೊನೆಯುವ ಜೋಳದ ತೆನೆಗೆ, ಹಾರುವ ಟವೆಲ್ಲಿನ ಅಂಚಿಗೆ ಇದು ಒಗ್ಗುತ್ತದೆ. ರೈತ ಮುಖ ತಿರುಗಿಸಿದಾಗ ಒದ್ದಾಡುತ್ತದೆ, ಏಕೆಂದರೆ ಮೊದಲು ಕಾಣದ ಕಿವಿ ಈಗ ಕಾಣಬೇಕು, ಕಂಡ ಮೀಸೆಯ ಅರ್ಧ ಮರೆಯಾಗಬೇಕು. ಇಲ್ಲದ ಗೆರೆಗೆ ಬಿಂದು ಎಲ್ಲಿಂದ ತರಬೇಕೆಂದು ಯಂತ್ರಕ್ಕೆ ತಿಳಿಯದು.

ನಾಲ್ಕನೆಯದು ಮೂರು ಆಯಾಮದ ಮಾದರಿ ಕಟ್ಟಿ ಅದನ್ನು ಚಿತ್ರದಂತೆ ತೋರಿಸುವುದು. ಬೆಳಕು-ನೆರಳಿನ ನೂರು ಛಾಯೆಗಳನ್ನು ಎರಡು ಮೂರು ಪಟ್ಟಿಗಳಿಗೆ ಇಳಿಸಿ, ಅಂಚುಗಳನ್ನು ಗುರುತಿಸಿ ಗೆರೆ ಎಳೆಸುತ್ತಾರೆ. ಚಕ್ಕಡಿಯ ಗಾಲಿ ಮತ್ತು ಗಾಳಿಯಂತ್ರಗಳಂಥ ಗಟ್ಟಿ ವಸ್ತುಗಳಿಗೆ ಇದೇ ಲೇಸು. ಕಾರಣ ಗಾಲಿಯ ಲೆಕ್ಕದಲ್ಲೇ ಇದೆ. ಗಾಲಿಗೆ 12 ಕಡ್ಡಿ, ಒಂದು ಸುತ್ತಿಗೆ ನಾಲ್ಕು ಸೆಕೆಂಡು ಎಂದಿಟ್ಟುಕೊಂಡರೆ ಸೆಕೆಂಡಿಗೆ 12ರಂತೆ 48 ಚಿತ್ರ ಬೇಕು. ಕಡ್ಡಿಗಳನ್ನಷ್ಟೇ 576 ಬಾರಿ ಬಿಡಿಸಬೇಕು. ಚಿತ್ರದಿಂದ ಚಿತ್ರಕ್ಕೆ ಗಾಲಿ ಏಳೂವರೆ ಡಿಗ್ರಿ ಸರಿಯುತ್ತದೆ. ಎರಡು ಕಡ್ಡಿಗಳ ನಡುವಿನ ಅಂತರ 30 ಡಿಗ್ರಿ. ಹಾಗಾಗಿ ಐದನೆಯ ಚಿತ್ರ ಮೊದಲನೆಯದರಂತೆಯೇ ಇರುತ್ತದೆ, ನಾಲ್ಕೇ ಚಿತ್ರಗಳನ್ನು ಸುತ್ತಿಸಿದರೆ ಗಾಲಿ ಎಷ್ಟು ದೂರ ಬೇಕಾದರೂ ಉರುಳುತ್ತದೆ. ಆದರೆ ಆ ಗಾಲಿ ನಿರ್ಜೀವ. ನಿಜವಾದ ಗಾಲಿಯಲ್ಲಿ ಒಂದು ಕಡ್ಡಿ ಹೊಸದು, ಇನ್ನೊಂದು ಸೀಳಿದ್ದು, ಅಂಚಿನ ಕಬ್ಬಿಣದ ಪಟ್ಟಿಗೆ ಒಂದು ಕಡೆ ಕೆಸರು. ಆ ಒಂದೇ ಗುರುತು ಸೇರಿಸಿದ ಕೂಡಲೇ ಮತ್ತೆ 48 ಚಿತ್ರಗಳು ಬೇಕಾಗುತ್ತವೆ. ಮಾದರಿ ಕಟ್ಟಿದರೆ ಆ ಗುರುತನ್ನು ಒಮ್ಮೆ ಬಿಡಿಸಿದರಾಯಿತು. ತಿರುಗಿಸುವುದು ಯಂತ್ರದ ಪಾಲು.

ಗಾಲಿ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಚಕ್ಕಡಿ ಶರ್ಯತ್ತಿನ ಹಾಗೆ ಎತ್ತು ಓಡಿ, ಗಾಲಿ ಎರಡು ಸೆಕೆಂಡಿಗಿಂತ ಬೇಗ ಸುತ್ತು ಮುಗಿಸಿದರೆ, ಪ್ರತಿ ಚಿತ್ರಕ್ಕೆ 15 ಡಿಗ್ರಿಗಿಂತ ಹೆಚ್ಚು ಸರಿಯುತ್ತದೆ. ಅದು ಕಡ್ಡಿಗಳ ಅಂತರದ ಅರ್ಧಕ್ಕೂ ಹೆಚ್ಚು. ಆಗ ಕಣ್ಣು ಹಿಂದಿನ ಕಡ್ಡಿಯನ್ನೇ ಮುಂದಿನದೆಂದು ಭ್ರಮಿಸಿ ಗಾಲಿ ಹಿಮ್ಮುಖ ತಿರುಗಿದಂತೆ ಕಾಣುತ್ತದೆ. ವೇಗದ ದೃಶ್ಯಗಳಲ್ಲಿ ಮಿತವ್ಯಯ ಬಿಟ್ಟು ಸೆಕೆಂಡಿಗೆ 24 ಚಿತ್ರ ಬಳಸುವುದಕ್ಕೆ ಇದೂ ಒಂದು ಕಾರಣ.

ಮಾದರಿಯನ್ನು ಚಿತ್ರದಂತೆ ತೋರಿಸುವ ಕಲೆ ಈಚಿನ ವರ್ಷಗಳಲ್ಲಿ ಬಹಳ ಪಳಗಿದೆ. ಡಿಸ್ನಿಯ ಕಿರುಚಿತ್ರ ‘ಪೇಪರ್‌ಮ್ಯಾನ್’ (2012) ಮೂರು ಆಯಾಮದ ಚಲನೆಗೆ ಕೈಗೆರೆಗಳನ್ನು ಅಂಟಿಸಿತು. ಅದಕ್ಕೆ ಆಸ್ಕರ್ ಬಂತು. ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ (2018) ಹಲವು ಕಡೆ ಬೇಕೆಂದೇ ‘ಆನ್ ಟೂಸ್’ಗೆ ಮರಳಿತು, ಮುಖಗಳ ಮೇಲೆ ಕಲಾವಿದರು ಎಳೆದ ಗೆರೆಗಳನ್ನು ಕೂರಿಸಿತು. ಫ್ರಾನ್ಸಿನ ‘ಐ ಲಾಸ್ಟ್ ಮೈ ಬಾಡಿ’ (2019) ಉಚಿತ ತಂತ್ರಾಂಶವಾದ ಬ್ಲೆಂಡರಿನಲ್ಲಿ ಮಾದರಿಗಳನ್ನು ಆಡಿಸಿ, ಅದರ ಮೇಲೆ ‘ಗ್ರೀಸ್ ಪೆನ್ಸಿಲ್’ ಉಪಕರಣದಿಂದ ಗೆರೆ ಎಳೆದು ತಯಾರಾದದ್ದು. ಸ್ಪೇನಿನ ಸರ್ಜಿಯೊ ಪಾಬ್ಲೊಸ್ ಅವರ ‘ಕ್ಲೌಸ್’ (2019) ಹಾದಿ ತಿರುವುಮುರುವು. ಅಲ್ಲಿ ಪಾತ್ರಗಳನ್ನು ಕೈಯಿಂದಲೇ ಬಿಡಿಸಿ, ಮೈಮೇಲೆ ಬೀಳುವ ಬೆಳಕು ಮತ್ತು ಬಣ್ಣದ ಪೊರೆಯನ್ನು ಮಾತ್ರ ಕಂಪ್ಯೂಟರಿನ ನೆರವಿನಿಂದ ತುಂಬಿದರು. ಹಲವು ನೋಡುಗರು ಅದನ್ನು ಮೂರು ಆಯಾಮದ ಚಿತ್ರವೆಂದೇ ತಿಳಿದರು.

ಈ ಎಲ್ಲ ವಿಧಾನಗಳಲ್ಲಿ ‘ಕೈಯದು’ ಎಂಬ ಭಾವನೆ ಹುಟ್ಟಿಸುವುದು ಮುಖ್ಯವಾಗಿ ಏರುಪೇರು. ಒಂದೇ ಗೆರೆಯ ದಪ್ಪ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಬೇರೆಬೇರೆ. ಬಣ್ಣ ಕೆಲವೆಡೆ ಗೆರೆಯನ್ನು ದಾಟಿರುತ್ತದೆ, ಕೆಲವೆಡೆ ಮುಟ್ಟಿರುವುದಿಲ್ಲ. ಒಂದೇ ಭಂಗಿಯನ್ನು ಎರಡು ಸಲ ಬಿಡಿಸಿದರೆ ಎರಡೂ ಕೂದಲೆಳೆಯಷ್ಟು ಬೇರೆಯಾಗಿ, ಓಡಿಸಿದಾಗ ಗೆರೆ ಸಣ್ಣಗೆ ಕುದಿಯುತ್ತದೆ. ಕಂಪ್ಯೂಟರಿನಲ್ಲಿ ನಿಂತ ಪಾತ್ರ ಫೋಟೊದಂತೆ ಹೆಪ್ಪುಗಟ್ಟಿಬಿಡುತ್ತದೆ. ಅದಕ್ಕೇ ಚಕ್ಕಡಿಯ ರೈತ ಸುಮ್ಮನೆ ಕೂತಿರುವ ದೃಶ್ಯಕ್ಕೂ ಒಂದೇ ಭಂಗಿಯನ್ನು ಮೂರು ಸಲ ಬಿಡಿಸಿ ಸುತ್ತಿಸುವ ಪದ್ಧತಿಯಿದೆ. ಏರುಪೇರನ್ನು ತಂತ್ರಾಂಶದಿಂದಲೂ ಬೆರೆಸಬಹುದು. ಆದರೆ ಆಗ ಅದು ಎಲ್ಲ ಗೆರೆಗಳಿಗೂ ಸಮನಾಗಿ ಬೀಳುತ್ತದೆ. ಮನುಷ್ಯರ ಕೈ ಕಣ್ಣು-ಬಾಯಿಯ ಹತ್ತಿರ ಜಾಗ್ರತೆಯಿಂದ, ಪಂಚೆಯ ನೆರಿಗೆಯ ಹತ್ತಿರ ಸಲೀಸಾಗಿ ಓಡುತ್ತದೆ.

ಹಿನ್ನೆಲೆಯಲ್ಲಿ ಮಾತ್ರ ಯಂತ್ರ ನಿರಾತಂಕವಾಗಿ ನೆರವಾಗುತ್ತದೆ. ಬಯಲಿನ ನಡುವೆ ಎದ್ದು ನಿಂತ ನರಗುಂದದ ಗುಡ್ಡವನ್ನು ಓಡುವ ಬಸ್ಸಿನಿಂದ ನೋಡಿದರೆ, ದಾರಿಯಂಚಿನ ಜಾಲಿಗಿಡ ಸರ್ರನೆ ಹಿಂದೆ ಸರಿಯುತ್ತದೆ, ಹೊಲ ನಿಧಾನವಾಗಿ, ಗುಡ್ಡ ನಿಂತಲ್ಲೇ ನಿಂತಂತೆ. ಮೂರನ್ನೂ ಜಲವರ್ಣದಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿ, ಮೂರು ಪದರಗಳಾಗಿಟ್ಟು ಬೇರೆಬೇರೆ ವೇಗ ಕೊಟ್ಟರೆ ಆಳ ತಾನಾಗಿ ಮೂಡುತ್ತದೆ. ಕಾಗದದ ತರಿಯೂ ಬಣ್ಣ ಒಣಗಿದ ಅಂಚೂ ಉಳಿಯುತ್ತವೆ.

ಕನ್ನಡ ನಾಡಿನ ಮಟ್ಟಿಗೆ ಈ ಕ್ಷೇತ್ರದ ಗಮನಾರ್ಹ ಪ್ರಯತ್ನ ‘ಪುಣ್ಯಕೋಟಿ’. ಕನ್ನಡಿಗರೆಲ್ಲ ಬಲ್ಲ ಗೋವಿನ ಹಾಡಿನ ಕಥೆಯನ್ನು ರವಿಶಂಕರ್ ಅವರು ಸಂಸ್ಕೃತದಲ್ಲಿ ಪೂರ್ಣಾವಧಿಯ ಅನಿಮೇಷನ್ ಚಿತ್ರವಾಗಿಸಿದರು. ಆ ಭಾಷೆಯಲ್ಲಿ ಅದೇ ಮೊದಲನೆಯದು. ಸಂಗೀತ ಇಳಯರಾಜ ಅವರದು. ಹಣದ ಒಂದು ಪಾಲು ಜನರ ವಂತಿಗೆಯಿಂದ ಬಂತು. ಒಂದೇ ಸೂರಿನಡಿಯ ದೊಡ್ಡ ಸ್ಟುಡಿಯೊ ಕಟ್ಟದೆ, ಬೇರೆಬೇರೆ ಊರುಗಳ ಕಲಾವಿದರು ಹಂಚಿಕೊಂಡು ದುಡಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸಿನಲ್ಲಿ ಬಿಡುಗಡೆಯಾಯಿತು. ಕಾಗದ ಮತ್ತು ಸೆಲ್ ಕಾಲದಲ್ಲಿ ಚಿತ್ರಗಳ ಕಟ್ಟನ್ನು ಊರಿಂದೂರಿಗೆ ಹೊರಬೇಕಿತ್ತು. ಇಂಥ ಹಂಚಿಕೆ ಸುಲಭವಾದದ್ದು ಕಂಪ್ಯೂಟರಿನಿಂದ.

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ 2012ರಲ್ಲಿ ನೀತಿ ರೂಪಿಸಿತು. ದೇಶದಲ್ಲಿ ಇದು ಮೊದಲು. 2024ರಿಂದ 2029ರವರೆಗಿನ ಹೊಸ ನೀತಿ ಈಗ ಜಾರಿಯಲ್ಲಿದೆ. ಆದರೂ ಸ್ಟುಡಿಯೊಗಳು ಬೆಂಗಳೂರಿನಲ್ಲೇ ಕೇಂದ್ರೀಕೃತವಾಗಿವೆ. ಕೈಯ ಶಿಕ್ಷಣಕ್ಕೆ ಉತ್ತರ ಕರ್ನಾಟಕದಲ್ಲಿ ಕೊರತೆಯಿಲ್ಲ: ಟಿ.ಪಿ. ಅಕ್ಕಿ ಅವರು ಕಟ್ಟಿದ ಗದಗಿನ ವಿಜಯ ಕಲಾಮಂದಿರ ತಲೆಮಾರುಗಳಿಂದ ಚಿತ್ರಕಾರರನ್ನು ತಯಾರಿಸಿದೆ. ಅಂಥ ಗೆರೆ ಕಲಿತವರಿಗೆ ಚಲನೆಯ ಪಾಠ ಸೇರಿಸುವುದು, ಗೆರೆ ಬಾರದವರಿಗೆ ತಂತ್ರಾಂಶ ಕಲಿಸುವುದಕ್ಕಿಂತ ಹತ್ತಿರದ ದಾರಿ.

ಉಪಕರಣದ ಖರ್ಚು ಈಗ ದೊಡ್ಡ ಅಡ್ಡಿಯಲ್ಲ. ಘಿಬ್ಲಿ ಬಳಸಿದ ಟೂನ್ಸ್ 2016ರಲ್ಲಿ ‘ಓಪನ್‌ಟೂನ್ಸ್’ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಯಿತು. ಬಿಡಿಸಲು ಕ್ರಿಟಾ, ಸಾಧಾರಣ ಕಂಪ್ಯೂಟರಿಗೆ ಪೆನ್ಸಿಲ್2ಡಿ, ವೆಕ್ಟರ್ ಕೆಲಸಕ್ಕೆ ಸಿನ್‌ಫಿಗ್, ಮಾದರಿಗಳಿಗೆ ಬ್ಲೆಂಡರ್, ಇವೆಲ್ಲವೂ ಉಚಿತ. ಪೂರ್ತಿ ಬ್ಲೆಂಡರಿನಲ್ಲೇ ತಯಾರಾದ ಲಾಟ್ವಿಯಾದ ‘ಫ್ಲೋ’ 2025ರಲ್ಲಿ ಆಸ್ಕರ್ ಪಡೆಯಿತು. ಕೃತಕ ಬುದ್ಧಿಮತ್ತೆಯ ಉಪಕರಣಗಳೂ ಈಗ ಬಂದಿವೆ. ಒಂದು ಫ್ರೇಮಿಗೆ ಕಲಾವಿದರು ಬಣ್ಣ ಬಳಿದರೆ ಉಳಿದ ಫ್ರೇಮುಗಳಿಗೆ ಅದೇ ಶೈಲಿಯನ್ನು ಹರಡುವಂಥವು ಚಿತ್ರಕಾರರಿಗೆ ನೆರವಾಗುತ್ತವೆ. ಬರೀ ಮಾತಿನ ಸೂಚನೆಯಿಂದ ಇಡೀ ದೃಶ್ಯ ಹೊರಡಿಸುವಂಥವು ಬೇರೆಯವರ ಚಿತ್ರಗಳಿಂದ ಕಲಿತದ್ದನ್ನು ಒಪ್ಪಿಗೆಯ ಪ್ರಶ್ನೆ ಬಗೆಹರಿಯದೆಯೇ ಬಳಸುತ್ತಿವೆ. ಎತ್ತಿನ ನಾಲ್ಕು ಕಾಲುಗಳ ಕ್ರಮ ಸರಿಯಿದೆಯೇ ಎಂದು ನೋಡುವ ಕಣ್ಣು ಎರಡಕ್ಕೂ ಬೇಕು.

ಅಭ್ಯಾಸಕ್ಕೆ ಎತ್ತಿಗಿಂತ ಹನಿ ಸುಲಭ. ಗಜೇಂದ್ರಗಡದ ಬಳಿ ಕಾಲಕಾಲೇಶ್ವರ ಗುಡಿಯ ಅಂತರಗಂಗೆಯಲ್ಲಿ ಅರಳಿಮರದ ಬೇರಿನ ಎಡೆಯಿಂದ ವರ್ಷವಿಡೀ ನೀರು ಜಿನುಗುತ್ತದೆ. ಅಲ್ಲಿನ ಒಂದು ಹನಿಗೆ ಒಂದು ಸೆಕೆಂಡು, ಅಂದರೆ 12 ಚಿತ್ರ ಸಾಕು. ಮೊದಲ ಐದರಲ್ಲಿ ಹನಿ ನಿಧಾನವಾಗಿ ತುಂಬಿ ಜೋಲುತ್ತದೆ, ಆರನೆಯದರಲ್ಲಿ ಕತ್ತು ಉದ್ದವಾಗಿ ಹರಿಯುತ್ತದೆ, ಏಳರಿಂದ ಒಂಬತ್ತರವರೆಗೆ ಬೀಳುತ್ತದೆ, ಕೊನೆಯ ಮೂರರಲ್ಲಿ ಚಿಮ್ಮಿ ಅಲೆಯಾಗುತ್ತದೆ. ಒಂದು ಅಡಿ ಎತ್ತರದಿಂದ ಬೀಳಲು ಹನಿಗೆ ಕಾಲು ಸೆಕೆಂಡು ಹಿಡಿಯುತ್ತದೆ. ಆ ಅಡಿಯನ್ನು ಒಂಬತ್ತು ಪಾಲು ಮಾಡಿದರೆ ಬೀಳುವ ಮೂರು ಚಿತ್ರಗಳಲ್ಲಿ ಹನಿ ಇರಬೇಕಾದ್ದು ಒಂದನೆಯ, ನಾಲ್ಕನೆಯ, ಒಂಬತ್ತನೆಯ ಗುರುತಿನಲ್ಲಿ. ಸಮ ಅಂತರದಲ್ಲಿ ಇಟ್ಟರೆ ಅದು ನೀರಾಗುವುದಿಲ್ಲ, ದಾರಕ್ಕೆ ಕಟ್ಟಿ ಇಳಿಬಿಟ್ಟ ಮಣಿಯಾಗುತ್ತದೆ. ಒಂದು ಪೆನ್ಸಿಲು, ಹನ್ನೆರಡು ಹಾಳೆ, ಫೋಟೊ ತೆಗೆಯಲು ಒಂದು ಮೊಬೈಲು: ಈ ಪಾಠಕ್ಕೆ ಇಷ್ಟು ಸಾಕು.